ನಡುಮನೆಯ ಒಡ್ಡೋಲಗ

ಮೈಸೂರು ದಸರೆಯ ವಿಷಯವಾಗಿ ಬರೆಯಹೊರಟವರ ಲೇಖನಿಯು ಆನೆ, ಅಂಬಾರಿ, ದರ್ಬಾರು, ಪಂಜಿನ ಕವಾಯತು ಇವುಗಳ ಕಡೆಗೇ ಓಡುವುದು. ಅದು ಸಹಜವೂ ಹೌದು. ಕಣ್ಣಿಗೆ ಹಬ್ಬವಾದುದನ್ನು ಬಿಟ್ಟು ಬರೆಯುವವರು ಯಾರು? ಆದರೆ ಅದೇ ನವರಾತ್ರಿಯ ಸಂಜೆಗಳಲ್ಲಿ, ಅದೇ ಊರಿನ ಬೀದಿಬೀದಿಯ ಮನೆಗಳಲ್ಲಿ, ಮತ್ತೊಂದು ಒಡ್ಡೋಲಗವು ತಲೆಮಾರುಗಳಿಂದ ನಡೆದುಬಂದಿದೆ. ಅದರ ಸಿಂಹಾಸನವು ಬಿಳಿಯ ಪಂಚೆಯನ್ನು ಹೊದಿಸಿದ ತಗಡಿನ ಪೆಟ್ಟಿಗೆ. ಅದರ ಅರಸನು ಗೇಣುದ್ದದ ಮರದ ಬೊಂಬೆ. ಅದನ್ನು ಕೂಡಿಸುವವಳು ಮನೆಯ ಗೃಹಿಣಿ. ಅರಮನೆಯ ದರ್ಬಾರಿಗೆ ಚರಿತ್ರಕಾರರು ಬೇಕಾದಷ್ಟು ಮಂದಿ ದೊರೆತರು. ನಡುಮನೆಯ ದರ್ಬಾರಿನ ಚರಿತ್ರೆಯಾದರೋ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಬೊಂಬೆಗಳಲ್ಲಿಯೇ ಉಳಿದುಕೊಂಡಿದೆ.

ಮಹಾನವಮಿಗೂ ಬೊಂಬೆಗಳಿಗೂ ಇರುವ ನಂಟನ್ನು ಹುಡುಕುವವರು ಮೊದಲು ವಿಜಯನಗರಕ್ಕೆ ಹೋಗಬೇಕು. ಹಿರಾತಿನ ಸುಲ್ತಾನ ಷಾರುಖನ ರಾಯಭಾರಿಯಾದ ಅಬ್ದುಲ್ ರಜಾಕನು ಕ್ರಿ. ಶ. 1443ರಲ್ಲಿ ಆ ನಗರದಲ್ಲಿದ್ದು ಮಹಾನವಮಿಯನ್ನು ಕಣ್ಣಾರೆ ಕಂಡನು. ವಿಶಾಲವಾದ ಬಯಲಿನಲ್ಲಿ ಮೂರರಿಂದ ಐದು ಅಂತಸ್ತುಗಳವರೆಗೆ ಮಂಟಪಗಳನ್ನು ಎಬ್ಬಿಸಿದ್ದರೆಂದೂ, ಬುಡದಿಂದ ತುದಿಯವರೆಗೆ ಮನುಷ್ಯರ, ಮೃಗಗಳ, ಪಕ್ಷಿಗಳ, ಕಡೆಗೆ ನೊಣ ಸೊಳ್ಳೆಗಳ ರೂಪಗಳನ್ನು ಕೂಡ ಅವುಗಳ ಮೇಲೆ ನಾಜೂಕಾಗಿ ಮೂಡಿಸಿದ್ದರೆಂದೂ ಅವನು ಬರೆದಿದ್ದಾನೆ. ಕೆಲವು ಮಂಟಪಗಳು ತಿರುಗುವಂತೆ ರಚಿತವಾಗಿದ್ದು, ಕ್ಷಣಕ್ಷಣಕ್ಕೂ ಹೊಸ ಮುಖವನ್ನು ತೋರಿಸುತ್ತಿದ್ದುವಂತೆ. ಇದಾದ ಸುಮಾರು ಎಂಬತ್ತು ವರ್ಷಗಳಿಗೆ, ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ಪೋರ್ಚುಗೀಸನಾದ ಡೊಮಿಂಗೊ ಪಾಯಸನು ಅದೇ ಹಬ್ಬವನ್ನು ನೋಡಿದನು. ರಾಣೀವಾಸದ ಸ್ತ್ರೀಯರು ಒಡವೆಗಳ ಭಾರವನ್ನು ತಾಳಲಾರದೆ, ಬೇರೆಯ ಹೆಂಗಸರು ಅವರ ತೋಳುಗಳನ್ನು ಹಿಡಿದು ನಡೆಸುತ್ತಿದ್ದುದನ್ನು ಅವನು ಬೆರಗಿನಿಂದ ವರ್ಣಿಸಿರುವನು. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಆನೆಗಳ ಸಾಲು, ಕುದುರೆಯ ವ್ಯಾಪಾರಿಗಳು, ಬೇಟೆ, ಕುಣಿಯುವ ಹೆಂಗಸರು ಇಂದಿಗೂ ಪಟ್ಟಿಪಟ್ಟಿಯಾಗಿ ಕಾಣುವರು.

ಮನೆಯ ಬೊಂಬೆಯ ಮೆಟ್ಟಿಲು ಆ ಮಂಟಪಗಳಿಂದ ನೇರವಾಗಿ ಇಳಿದುಬಂದಿತೆಂದು ಸಾಧಿಸಹೊರಡುವುದು ಸಾಹಸವಾದೀತು. ಆದರೂ ಎರಡರ ಹಿಂದಿರುವ ಭಾವನೆ ಒಂದೇ. ನವರಾತ್ರಿಯಲ್ಲಿ ಅರಸನು ತನ್ನ ಲೋಕವೆಲ್ಲವನ್ನೂ ಅಂತಸ್ತಂತಸ್ತಾಗಿ ಜೋಡಿಸಿ ಬಂದವರ ಕಣ್ಣಿಗೆ ತೋರಿಸುತ್ತಿದ್ದನು. ಗೃಹಿಣಿಯೂ ಅದನ್ನೇ ಮಾಡುವಳು. ದಿಬ್ಬದ ಮೇಲಿನ ಆ ಆನೆಯ ಸಾಲನ್ನು ನೋಡಿ ಬಂದವರಿಗೆ, ಮೂರನೆಯ ಮೆಟ್ಟಿಲಿನ ಮೇಲೆ ಒಂದರ ಹಿಂದೊಂದು ನಿಂತ ಅರಗಿನ ಬಣ್ಣದ ಆನೆಗಳು ಅಪರಿಚಿತವೆನಿಸಲಾರವು.

ವಿಜಯನಗರವು ಅಳಿದ ಮೇಲೆ ಹಬ್ಬವು ಅಳಿಯಲಿಲ್ಲ. 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರು ಅಲ್ಲಿ ದಸರೆಯನ್ನು ರಾಜೋತ್ಸವವಾಗಿ ನಡೆಸತೊಡಗಿದರು. 1799ರ ತರುವಾಯ ಸಿಂಹಾಸನದೊಡನೆ ಉತ್ಸವವೂ ಮೈಸೂರಿಗೆ ಬಂದಿತು. 1897ರಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು; ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ಕಟ್ಟಿದ ಈಗಿನ ಅರಮನೆಯು 1912ರಲ್ಲಿ ಮುಗಿಯಿತು. ಈ ಹೊಸ ಅರಮನೆಯಲ್ಲಿ ಎರಡು ಸಂಗತಿಗಳು ಪ್ರಕೃತ ವಿಷಯಕ್ಕೆ ಸೇರಿದುವು. ಒಂದು, ಅಲ್ಲಿರುವ ಬೊಂಬೆ ತೊಟ್ಟಿ. ಎಂದರೆ ರಾಜಗೃಹದ ಬೊಂಬೆಗಳಿಗೂ ಗೌರವದ ಸ್ಥಾನವಿತ್ತು. ಇನ್ನೊಂದು, ದರ್ಬಾರಿನ ಹಜಾರಕ್ಕೆ ಎದುರಾಗಿ ಮೇಲಂತಸ್ತಿನಲ್ಲಿರುವ ಸ್ತ್ರೀಯರ ಮೊಗಸಾಲೆ. ದರ್ಬಾರಿನಲ್ಲಿ ಸಾಲಾಗಿ ಕುಳಿತು ಮುಜುರೆ ಮಾಡುತ್ತಿದ್ದವರು ಗಂಡಸರು; ಹೆಂಗಸರು ಮರೆಯಿಂದ ನೋಡುವವರು. ಅರಮನೆಯಲ್ಲಿಯೇ ಹೀಗಾದರೆ ಊರಿನ ಮಾತೇನು? ಪೇಟ ಕಟ್ಟಿ, ಉದ್ದನೆಯ ಕೋಟು ತೊಟ್ಟು ದರ್ಬಾರಿಗೆ ಹೊರಟ ಯಜಮಾನನನ್ನು ಬಾಗಿಲವರೆಗೆ ಕಳುಹಿಸಿ ಹಿಂತಿರುಗಿದ ಗೃಹಿಣಿಗೆ ತನ್ನದೇ ಒಂದು ದರ್ಬಾರು ಬೇಕಾಗಿತ್ತೆಂದರೆ ತಪ್ಪಾಗಲಾರದು. ಅಲ್ಲಿ ಯಾರನ್ನು ಕರೆಯಬೇಕು, ಯಾವುದನ್ನು ಎಲ್ಲಿ ಇಡಬೇಕು, ಬಂದವರಿಗೆ ಏನು ಕೊಡಬೇಕು ಎಂಬುದೆಲ್ಲ ಅವಳ ಅಧಿಕಾರ. ಯಜಮಾನನ ಪಾಲಿಗೆ ಬರುತ್ತಿದ್ದುದು ಅಟ್ಟದಿಂದ ಪೆಟ್ಟಿಗೆಗಳನ್ನು ಇಳಿಸಿಕೊಡುವ ಕೆಲಸವೊಂದೇ.

ಆ ಪೆಟ್ಟಿಗೆಗಳನ್ನು ಇಳಿಸುವ ದಿನದಿಂದಲೇ ಮನೆಯಲ್ಲಿ ಸಂಭ್ರಮ ತೊಡಗುತ್ತಿತ್ತು. ಆಶ್ವಯುಜ ಶುದ್ಧ ಪಾಡ್ಯದಂದು ಪಟ್ಟದ ಬೊಂಬೆಗಳು ಕುಳಿತುಕೊಳ್ಳಬೇಕು. ಆದಕಾರಣ ಅಮಾವಾಸ್ಯೆಯೊಳಗೆ ಮೆಟ್ಟಿಲುಗಳು ಸಿದ್ಧವಾಗಬೇಕು. ಬಡಗಿಯಿಂದ ಮೆಟ್ಟಿಲು ಮಾಡಿಸಿಟ್ಟುಕೊಂಡವರು ಅನುಕೂಲಸ್ಥರು. ಉಳಿದವರ ಮನೆಯಲ್ಲಿ ಟ್ರಂಕುಗಳು, ಕಾಳಿನ ಡಬ್ಬಗಳು, ಮಣೆಗಳು, ಮಗನ ಕಾನೂನು ಪುಸ್ತಕಗಳು ಇವೆಲ್ಲ ಒಂದರ ಮೇಲೊಂದೇರಿ ಮೆಟ್ಟಿಲಾಗುತ್ತಿದ್ದುವು. ಸಂಖ್ಯೆ ಮಾತ್ರ ಬೆಸವಾಗಿರಬೇಕು: ಮೂರು, ಐದು, ಏಳು ಅಥವಾ ಒಂಬತ್ತು. ಮೇಲೆ ಮಡಿಸಿದ ಬಿಳಿಯ ಪಂಚೆಯನ್ನು ಸುಕ್ಕಿಲ್ಲದಂತೆ ಹಾಸಿ, ಅಂಚಿಗೆ ಬಣ್ಣದ ಕಾಗದದ ಕತ್ತರಿಕೆಲಸವನ್ನು ಅಂಟಿಸಿ, ಬಾಗಿಲಿಗೆ ಮಾವಿನ ತೋರಣವನ್ನು ಕಟ್ಟಿ, ಮುಂದೆ ರಂಗವಲ್ಲಿಯನ್ನು ಹಾಕಿದರೆ ರಂಗಸ್ಥಳ ಸಿದ್ಧವಾಯಿತು.

ಎಲ್ಲಕ್ಕೂ ಮೇಲೆ ಕಲಶದ ಬಳಿ ಕುಳಿತುಕೊಳ್ಳುವರು ಪಟ್ಟದ ರಾಜರಾಣಿಯರು. ಕೆಳಗಿನವುಗಳ ಕ್ರಮವು ಮನೆಮನೆಗೂ ಬೇರೆ. ದಶಾವತಾರ, ರಾಮಪಟ್ಟಾಭಿಷೇಕಗಳು ಮೇಲಕ್ಕೆ ಹತ್ತಿರವಾಗಿಯೂ, ಮದುವೆಯ ದಿಬ್ಬಣ, ಓಲಗದವರು, ಸಿಪಾಯಿಗಳು ನಡುವೆಯೂ ಇರುವುದು ವಾಡಿಕೆ. ಕಡೆಯ ಮೆಟ್ಟಿಲಿನಲ್ಲಿ ಹೊಟ್ಟೆ ಬೆಳೆದ ಶೆಟ್ಟಿಯೂ ಅವನ ಹೆಂಡತಿಯೂ ಅಂಗಡಿ ತೆರೆದು ಕುಳಿತಿರುವರು. ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ, ಉಪ್ಪು, ಮೆಣಸು. ನೆಲದ ಮೇಲೆ ಮಕ್ಕಳ ರಾಜ್ಯ. ವಾರಕ್ಕೆ ಮುಂಚೆಯೇ ತಟ್ಟೆಯ ಮಣ್ಣಿನಲ್ಲಿ ರಾಗಿ ಸಾಸಿವೆಗಳನ್ನು ಚೆಲ್ಲಿ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಹಸುರಾದ ಪಾರ್ಕು. ಒಡೆದ ಕನ್ನಡಿಯ ಚೂರೊಂದು ಕೆರೆ. ಅದರ ದಡದಲ್ಲಿ, ಪ್ರಮಾಣದ ಹಂಗಿಲ್ಲದೆ, ಮನೆಗಿಂತ ದೊಡ್ಡದಾದ ಒಂದು ಬಾತುಕೋಳಿ. ಶಿಲ್ಪಶಾಸ್ತ್ರಜ್ಞರು ಇದನ್ನು ನೋಡಿ ನಕ್ಕರೂ ನಗಬಹುದು. ಆದರೆ ಆ ತಟ್ಟೆಯ ತೋಟಕ್ಕಿಂತ ಹೆಚ್ಚು ಶ್ರದ್ಧೆಯಿಂದ ರಚಿತವಾದ ಉದ್ಯಾನಗಳು ಲೋಕದಲ್ಲಿ ಬಹಳವಿಲ್ಲ.

ಪಟ್ಟದ ಬೊಂಬೆಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ರಕ್ತಚಂದನದ ಮರದಲ್ಲಿ ಕಡೆದ ಈ ಜೋಡಿಯನ್ನು ತಾಯಿಯು ಮಗಳಿಗೆ ಮದುವೆಯ ಕಾಲದಲ್ಲಿ ಕೊಡುವುದು ಸಂಪ್ರದಾಯ. ವರ್ಷವರ್ಷವೂ ಅವುಗಳಿಗೆ ಹೊಸದಾಗಿ ಜರಿಯ ಬಟ್ಟೆಯನ್ನುಡಿಸಿ, ಮಣಿಯ ಸರಗಳನ್ನು ಪೋಣಿಸಿ, ರಾಜನಿಗೆ ಅಂಗೈಯಗಲದ ಪೇಟವನ್ನು ಸುತ್ತುವರು. ಹೀಗೆ ತವರಿನಿಂದ ಬಂದ ಜೋಡಿಯು ಅತ್ತೆಯ ತವರಿನಿಂದ ಬಂದ ಹಳೆಯ ಜೋಡಿಯ ಪಕ್ಕದಲ್ಲಿ ಕುಳಿತುಕೊಳ್ಳುವುದು. ಹಳೆಯ ಮನೆಯೊಂದರ ಮೇಲಿನ ಮೆಟ್ಟಿಲಿನಲ್ಲಿ ಮೂರು ನಾಲ್ಕು ಜೋಡಿ ರಾಜರಾಣಿಯರಿದ್ದರೆ, ಆ ಮನೆಗೆ ಬಂದ ಮೂರು ನಾಲ್ಕು ಸೊಸೆಯರ ತವರುಗಳು ಅಲ್ಲಿ ಕುಳಿತಿವೆಯೆಂದು ಅರ್ಥ. ವಂಶವೃಕ್ಷವನ್ನು ಬರೆದಿಡುವಾಗ ಗಂಡಸರ ಹೆಸರುಗಳನ್ನಷ್ಟೇ ಬರೆಯುವ ಪದ್ಧತಿಯಿದ್ದ ಕಾಲದಲ್ಲಿ ಹೆಣ್ಣುಮಕ್ಕಳ ಪರಂಪರೆಗೆ ಸಾಕ್ಷಿಯಾಗಿ ಉಳಿದುದು ಈ ಗೇಣುದ್ದದ ಮರದ ದಂಪತಿಗಳು. ಚರಿತ್ರೆಯನ್ನು ಬರೆಯುವವರು ಇವನ್ನು ಆಟಿಕೆಯೆಂದು ಬದಿಗಿಡುವುದು ಸರಿಯಲ್ಲ.

ಸಂಜೆಯಾಯಿತೆಂದರೆ ಅತಿಥಿಗಳು. ಮುತ್ತೈದೆಯರಿಗೆ ಅರಿಶಿನ ಕುಂಕುಮ, ವೀಳ್ಯ, ಹೂವು. ಅವರು ಕುಳಿತು ಒಂದು ಹಾಡನ್ನು ಹೇಳಿದ ಮೇಲೆಯೇ ಏಳಬೇಕು. ಮಕ್ಕಳಿಗೆ ಕರೆಯೇ ಬೇಡ. ಲಂಗದ ಹುಡುಗಿಯರು ಗುಂಪುಕಟ್ಟಿಕೊಂಡು, ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, “ರೀ, ಬೊಂಬೆ ಕೂರಿಸಿದ್ದೀರಾ?” ಎಂದು ಬಾಗಿಲು ಬಾಗಿಲಿಗೂ ಕೇಳುತ್ತ ಬರುವರು. ಅವರಿಗಾಗಿ ಬೊಂಬೆ ಬಾಗಿನವು ಸಿದ್ಧವಾಗಿರಬೇಕು: ಕೊಬ್ಬರಿ ಸಕ್ಕರೆ, ಉಸಲಿ, ತಂಬಿಟ್ಟು, ಕಾಸಿನಗಲದ ಚಕ್ಕುಲಿ, ಬೆರಳಿಗೆ ಉಂಗುರವಾಗುವಷ್ಟು ಚಿಕ್ಕ ಕೋಡುಬಳೆ. ಬೊಂಬೆಯ ಅಳತೆಗೆ ತಿಂಡಿಯ ಅಳತೆ! ದಿನಕ್ಕೊಂದು ಬಗೆಯಾಗಬೇಕೆಂಬ ಹಟವುಳ್ಳ ಗೃಹಿಣಿಯರು ಮಧ್ಯಾಹ್ನವೆಲ್ಲ ಒಲೆಯ ಮುಂದೆಯೇ ಕಳೆಯುತ್ತಿದ್ದರು. ಯಾರ ಮನೆಯಲ್ಲಿ ಬಾಗಿನವು ಹೇಗಿತ್ತೆಂಬ ವಿಮರ್ಶೆಯು ಬೀದಿಯ ತಿರುವಿನಲ್ಲಿಯೇ ನಿರ್ದಾಕ್ಷಿಣ್ಯವಾಗಿ ನಡೆದುಹೋಗುತ್ತಿತ್ತು.

ಈ ಚಿತ್ರದಲ್ಲಿ ಕರಿಯ ಗೆರೆಯೊಂದು ಇಲ್ಲದಿಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಅರಿಶಿನ ಕುಂಕುಮದ ಸಾಲಿನಲ್ಲಿ ಸ್ಥಳವಿರಲಿಲ್ಲ. ತವರಿನಿಂದ ತಾನೇ ತಂದ ಪಟ್ಟದ ಬೊಂಬೆಗಳನ್ನು ಸೊಸೆಯು ಕೂರಿಸುವುದನ್ನು ಅವಳು ಅಡುಗೆಮನೆಯ ಬಾಗಿಲಿನಿಂದ ನೋಡಬೇಕಾಗಿತ್ತು. ಅತಿಥಿಗಳು ತಿಂದು ಹೊಗಳಿದ ಬಾಗಿನವನ್ನು ಕರಿದವಳು ಅನೇಕ ಮನೆಗಳಲ್ಲಿ ಅವಳೇ. ದರ್ಬಾರಿನಲ್ಲಿ ಸ್ತ್ರೀಯರಿಗೆ ಮರೆಯನ್ನು ಕಟ್ಟಿದ ಅರಮನೆಯನ್ನು ದೂರುವವರು, ನಡುಮನೆಯ ದರ್ಬಾರು ಕೂಡ ತನ್ನೊಳಗೆ ಒಂದು ಮರೆಯನ್ನು ಕಟ್ಟಿಕೊಂಡಿತ್ತೆಂಬುದನ್ನು ಮರೆಯಬಾರದು. ಬೊಂಬೆ ಕೂರಿಸುವ ವಾಡಿಕೆಯಾದರೂ ಎಲ್ಲ ಜಾತಿಗಳಲ್ಲಿ ಒಂದೇ ಸಮನಾಗಿ ಇದ್ದುದಲ್ಲ.

ಇನ್ನು ಬೊಂಬೆ ಮಾಡುವವರ ಮಾತು. ಮೆಟ್ಟಿಲಿನ ಮೇಲೆ ಮಿರುಗುವ ಹಳದಿ, ಕೆಂಪು, ಹಸುರು ಬಣ್ಣದ ಮರದ ಆಟಿಕೆಗಳ ಊರು ಚನ್ನಪಟ್ಟಣ. ಈ ಕಸಬಿನ ಉಗಮಕ್ಕೆ ಜನಶ್ರುತಿಯು ಟಿಪ್ಪುಸುಲ್ತಾನನ ಹೆಸರನ್ನು ತಗುಲಿಸಿದೆ. ಹಾಲೆಯ ಮರದ ತುಂಡನ್ನು ಚೆನ್ನಾಗಿ ಒಣಗಿಸಿ, ಚರಕಿಗೆ ಸಿಕ್ಕಿಸಿ ತಿರುಗಿಸುತ್ತ ಉಳಿಯಿಂದ ರೂಪಕ್ಕೆ ತರುವರು. ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಕೇದಗೆಯ ಗರಿಯಿಂದ ತಿಕ್ಕಿದರೆ ಹೊಳಪೇರುವುದು. ಈ ಕುಶಲಕರ್ಮಿಗಳಲ್ಲಿ ಮುಸಲ್ಮಾನರು ಬಹುಮಂದಿ. ಅವರು ಕಡೆದ ಬೊಂಬೆಗಳು ಆಚಾರವಂತರ ಮನೆಯ ಕಲಶದ ಕೆಳಗಿನ ಮೆಟ್ಟಿಲನ್ನು ನಿರಾತಂಕವಾಗಿ ಏರಿದುವು. ಬಡಗಣ ಸೀಮೆಯಲ್ಲಿ, ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರ ಕೈವಾಡವೇ ಬೇರೆ. ಹಗುರವಾದ ಮರದ ಅಂಗಾಂಗಗಳನ್ನು ಹುಣಿಸೆಬೀಜದ ಅಂಟು ಮತ್ತು ಮರದ ಹೊಟ್ಟಿನ ಮಿಶ್ರಣದಿಂದ ಕೂಡಿಸಿ, ಮೇಲೆ ಲೇಪವನ್ನು ಕೊಟ್ಟು, ಬಣ್ಣದಲ್ಲಿ ಬರೆದು, ದೇವತೆಗಳನ್ನೂ ಮನುಷ್ಯರನ್ನೂ ಅವರು ನಿರ್ಮಿಸುವರು.

ಇವರ ಅನ್ನಕ್ಕೆ ಕುತ್ತು ಬಂದುದು ಹಡಗುಗಳಿಂದ. ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಿಂದ ಜರ್ಮನಿಯ ಪಿಂಗಾಣಿಯ ಬೊಂಬೆಗಳೂ, 1914-18ರ ಮಹಾಯುದ್ಧದ ತರುವಾಯ ಜಪಾನಿನ ಸೆಲ್ಯುಲಾಯ್ಡ್ ಬೊಂಬೆಗಳೂ ಅಗ್ಗವಾಗಿ ಬಂದು ಮೆಟ್ಟಿಲುಗಳನ್ನೇರಿದುವು. ಗುಲಾಬಿಯ ಕೆನ್ನೆ, ನೀಲಿಯ ಕಣ್ಣು. ಯಾವ ಮಗು ಬೇಡವೆಂದೀತು? ಸೆಲ್ಯುಲಾಯ್ಡಾದರೋ ದೀಪದ ಕಿಡಿ ತಗುಲಿದರೆ ಭುಗ್ಗೆನ್ನುವ ಪದಾರ್ಥ. ಹರಳೆಣ್ಣೆಯ ದೀಪಗಳ ಸಾಲಿನಲ್ಲಿ ಅದನ್ನಿಡುವುದು ಅಪಾಯವೇ ಆಗಿತ್ತು. ಚಾಮರಾಜ ಒಡೆಯರ ಕಾಲದಲ್ಲಿ ಆರಂಭವಾದ ದಸರಾ ವಸ್ತುಪ್ರದರ್ಶನವು ನಾಡಿನ ಕೈಗಾರಿಕೆಗಳನ್ನು ಹಬ್ಬಕ್ಕೆ ಬಂದ ಜನರ ಮುಂದಿಟ್ಟುದು ಸಮಯೋಚಿತವಾಗಿತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿಗೂ, ಕೆಲವು ವರ್ಷಗಳಲ್ಲಿಯೇ ಮೈಸೂರಿಗೂ ಬಂದ ಮೇಲೆ ಅರಮನೆಯು ದೀಪಗಳಿಂದ ಜಗಜಗಿಸಿತು. ನಡುಮನೆಗೂ ಕ್ರಮೇಣ ಬಣ್ಣದ ಬಲ್ಬುಗಳು ಬಂದುವು. ಸ್ವಾತಂತ್ರ್ಯದ ಹೋರಾಟದ ಕಾಲದಲ್ಲಿ ಊರುಗೋಲು ಹಿಡಿದ ಗಾಂಧೀಜಿಯ ಬೊಂಬೆಯೂ ಪಟ್ಟದ ರಾಜನ ಕೆಳಗಿನ ಮೆಟ್ಟಿಲಿಗೆ ಬಂದು ನಿಂತಿತು. ಗೃಹಿಣಿಯ ಒಡ್ಡೋಲಗದಲ್ಲಿ ಇದರಿಂದ ಯಾವ ವಿರೋಧವೂ ಹುಟ್ಟಲಿಲ್ಲ.

1971ರಲ್ಲಿ ರಾಜಧನವು ರದ್ದಾಯಿತು. ದಸರೆಯು ಸರ್ಕಾರದ ಉತ್ಸವವಾಗಿ, ಅಂಬಾರಿಯಲ್ಲಿ ಅರಸರ ಸ್ಥಾನಕ್ಕೆ ಚಾಮುಂಡೇಶ್ವರಿಯ ವಿಗ್ರಹವು ಬಂದಿತು. ಗೃಹಿಣಿಯ ರಾಜರಾಣಿಯರ ಪಟ್ಟಕ್ಕೆ ಮಾತ್ರ ಯಾವ ಶಾಸನವೂ ಕೈಹಚ್ಚಲಿಲ್ಲ. ಮನೆಗಳು ಚಿಕ್ಕವಾದುವು, ಒಂಬತ್ತು ಮೆಟ್ಟಿಲು ಮೂರಾದುವು, ಬಾಗಿನದ ತಿಂಡಿಯು ಅಂಗಡಿಯಿಂದ ಬರತೊಡಗಿತು. ವಿದೇಶಗಳಿಗೆ ಹೋದ ಹೆಣ್ಣುಮಕ್ಕಳು ಬಟ್ಟೆಬರೆಗಳ ನಡುವೆ ಪಟ್ಟದ ಜೋಡಿಯನ್ನು ಜೋಪಾನವಾಗಿ ಸುತ್ತಿ ಒಯ್ಯುವುದುಂಟು.

ವಿಜಯದಶಮಿಯ ರಾತ್ರಿ ಆರತಿಯಾದ ಮೇಲೆ ಒಂದು ಬೊಂಬೆಯನ್ನು ಮೆಲ್ಲಗೆ ಮಲಗಿಸುವರು. ಅಲ್ಲಿಗೆ ಓಲಗವು ಬರಖಾಸ್ತಾಯಿತು. ಮಾರನೆಯ ದಿನ ರಾಣಿಯ ಜರಿಯನ್ನು ಬಿಚ್ಚಿ ಮಡಿಸಿ, ಒಂದೊಂದು ಬೊಂಬೆಯನ್ನೂ ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಸುತ್ತಿ, ನಡುನಡುವೆ ಒಣಗಿದ ಬೇವಿನೆಲೆಯನ್ನು ಹಾಕಿ, ಪೆಟ್ಟಿಗೆಗೆ ತುಂಬುವರು. ಭಾರವಾದುವು ಅಡಿಗೆ, ಪಟ್ಟದ ಬೊಂಬೆಗಳು ಎಲ್ಲಕ್ಕೂ ಮೇಲೆ, ಬರುವ ವರ್ಷ ಮೊದಲು ಕೈಗೆ ಸಿಕ್ಕುವಂತೆ.