ಮೆಕ್ಕೆಜೋಳದಲ್ಲಿ ಸಾವಯವ–ರಾಸಾಯನಿಕ ಗೊಬ್ಬರಗಳ ಜಂಟಿ ಬಳಕೆ: ಇತಿಹಾಸ

ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್, ಹಸಿರೆಲೆ ಗೊಬ್ಬರಗಳ ಜೊತೆಗೆ ಯೂರಿಯಾ, ಸೂಪರ್ ಫಾಸ್ಫೇಟ್, ಪೊಟ್ಯಾಶ್‌ಗಳನ್ನೂ ಕೊಟ್ಟು ಮೆಕ್ಕೆಜೋಳ ಬೆಳೆಯುವ ಪದ್ಧತಿ. ಕೃಷಿ ವಿಜ್ಞಾನದಲ್ಲಿ ಇದು ಸಮಗ್ರ ಪೋಷಕಾಂಶ ನಿರ್ವಹಣೆಯ ಒಂದು ಭಾಗ. ತಿಪ್ಪೆ ಗೊಬ್ಬರ ಹರಗಿದ ಹೊಲಕ್ಕೇ ಒಂದೆರಡು ಚೀಲ ‘ಸರ್ಕಾರಿ ಗೊಬ್ಬರ’ (ರಾಸಾಯನಿಕ ಗೊಬ್ಬರ) ಎರಚುವುದು ರೈತರಿಗೆ ಮೊದಲಿಂದ ರೂಢಿ. ಒಂದನ್ನು ಬಿಟ್ಟರೆ ಇನ್ನೊಂದು ಸಾಲದು ಎಂಬುದು ಸಾಬೀತಾಗಲು ಮಾತ್ರ ದಶಕಗಳೇ ಹಿಡಿದವು.

1840ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್, ಸಸ್ಯಗಳ ಆಹಾರ ಖನಿಜಗಳೇ ಎಂದು ವಾದಿಸಿದ. 1843ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಗೊಬ್ಬರಗಳ ದೀರ್ಘಕಾಲಿಕ ಪ್ರಯೋಗ ಆರಂಭಿಸಿದರು. ಮೆಕ್ಕೆಜೋಳಕ್ಕೆ ದೀರ್ಘಕಾಲಿಕ ಪ್ರಯೋಗದ ಭಾಗ್ಯ ಬಂದದ್ದು 1876ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮಾರೋ ತಾಕುಗಳಲ್ಲಿ. ಭಾರತದಲ್ಲಿ ಚರ್ಚೆ ಬೇರೆ ಹಾದಿ ಹಿಡಿಯಿತು. ಇಂದೋರಿನಲ್ಲಿ ಕಾಂಪೋಸ್ಟ್ ವಿಧಾನ ರೂಪಿಸಿದ ಆಲ್ಬರ್ಟ್ ಹೋವರ್ಡ್ ರಾಸಾಯನಿಕ ಗೊಬ್ಬರದ ಕಡುವಿರೋಧಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಊರ ಕಸವನ್ನು ಗುಂಡಿಯಲ್ಲಿ ಕೊಳೆಸುವ ‘ಬೆಂಗಳೂರು ವಿಧಾನ’ವನ್ನು ಬೆಳೆಸಿದರು.

1957ರಲ್ಲಿ ಅಖಿಲ ಭಾರತ ಮೆಕ್ಕೆಜೋಳ ಯೋಜನೆ ಶುರುವಾಗಿ, 1961ರಲ್ಲಿ ಗಂಗಾ, ರಂಜಿತ್, ಡೆಕ್ಕನ್ ಸಂಕರಣ ತಳಿಗಳು ಬಂದ ಮೇಲೆ ತಕ್ಕಡಿ ಚೀಲದ ಗೊಬ್ಬರದತ್ತ ವಾಲಿತು. ಈ ತಳಿಗಳ ಹಸಿವು ದೊಡ್ಡದು. ಸಾರಜನಕ ಸಾಲದಿದ್ದರೆ ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಗೆ ತಿರುಗುತ್ತವೆ. ರಂಜಕ ಸಾಲದ ಎಳೆ ಪೈರು ನೇರಳೆ ಬಣ್ಣಕ್ಕೆ ಬರುತ್ತದೆ. ಯೂರಿಯಾ ಕೊಟ್ಟ ಕೆಲವೇ ದಿನಗಳಲ್ಲಿ ಪೈರು ಕಪ್ಪು ಹಸಿರಾಗುವುದನ್ನು ಕಂಡ ರೈತ ಅದನ್ನೇ ನೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ನೆಚ್ಚಿಕೆ ಎಷ್ಟು ದಿನ ಬಾಳೀತು ಎಂಬುದಕ್ಕೆ ಉತ್ತರ ಕೊಟ್ಟದ್ದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1970ರಲ್ಲಿ ಹನ್ನೊಂದು ಕೇಂದ್ರಗಳೊಂದಿಗೆ ಆರಂಭಿಸಿದ ದೀರ್ಘಕಾಲಿಕ ಗೊಬ್ಬರ ಪ್ರಯೋಗಗಳ ಯೋಜನೆ. ಹಿಮಾಚಲದ ಪಾಲಂಪುರದಲ್ಲಿ ಮೆಕ್ಕೆಜೋಳ–ಗೋಧಿ ಸರದಿಯ ಪ್ರಯೋಗ 1972ರಲ್ಲಿ ಮೊದಲಾಯಿತು. ಅಲ್ಲಿನ ಮಣ್ಣು ಮೊದಲೇ ತುಸು ಹುಳಿ. ಯೂರಿಯಾ ಮಾತ್ರ ಪಡೆದ ತಾಕಿನಲ್ಲಿ ಹುಳಿ ವರ್ಷವರ್ಷವೂ ಏರಿ, ಕೊನೆಗೆ ತೆನೆ ಕಟ್ಟುವುದೇ ನಿಂತಿತು. ಗೊಬ್ಬರವನ್ನೇ ಕಾಣದ ತಾಕಿಗಿಂತಲೂ ಅದು ಕಡೆಯಾಯಿತು. ಸಾರಜನಕ, ರಂಜಕ, ಪೊಟ್ಯಾಶ್ ಮೂರರ ಜೊತೆ ಕೊಟ್ಟಿಗೆ ಗೊಬ್ಬರ ಅಥವಾ ಸುಣ್ಣ ಬಿದ್ದ ತಾಕುಗಳು ಇಳುವರಿ ಉಳಿಸಿಕೊಂಡವು. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ 1986ರಿಂದ ನಡೆದಿರುವ ರಾಗಿ–ಮೆಕ್ಕೆಜೋಳ ಪ್ರಯೋಗವೂ ಇದೇ ಕಡೆಗೆ ಬೆರಳು ಮಾಡುತ್ತದೆ. ಐದಾರು ವರ್ಷಕ್ಕೇ ಲೆಕ್ಕ ಮುಗಿಸಿದ್ದರೆ ಇವೆರಡು ಕಡೆಯೂ ತಪ್ಪು ತೀರ್ಮಾನವೇ ಆಗುತ್ತಿತ್ತೇನೋ.

ಕಾರಣ ಸರಳ. ಯೂರಿಯಾದ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಹುಳಿ ಹುಟ್ಟುತ್ತದೆ. ಹುಳಿ ಹೆಚ್ಚಿದರೆ ಅಲ್ಯೂಮಿನಿಯಂ ಕರಗಿ ಬೇರು ಮೊಂಡಾಗುತ್ತದೆ. ಸಾವಯವ ಅಂಶ ಆ ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತದೆ, ತೇವ ಹಿಡಿಯುತ್ತದೆ, ಸತುವಿನಂಥ ಲಘು ಪೋಷಕಾಂಶಗಳನ್ನೂ ಒದಗಿಸುತ್ತದೆ. ಆದರೆ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 0.5 ಮಾತ್ರ, ಹತ್ತು ಟನ್ ಹಾಕಿದರೂ 50 ಕಿಲೋ, ಅದರಲ್ಲೂ ಮೊದಲ ಬೆಳೆಗೆ ದಕ್ಕುವುದು ಒಂದು ಪಾಲು. ಸರಿಯಾಗಿ ಕೊಳೆಯದ ದಂಟು–ಹುಲ್ಲು ಹಾಕಿದರಂತೂ ಸೂಕ್ಷ್ಮಜೀವಿಗಳೇ ಸಾರಜನಕ ಹೀರಿ ಪೈರು ಬಿಳಿಚುತ್ತದೆ. ಬರೀ ತಿಪ್ಪೆಯನ್ನು ನೆಚ್ಚಿ ಸಂಕರಣ ತಳಿ ಬೆಳೆಯುವುದು ಅದಕ್ಕೇ ಕಷ್ಟ.

ಆಫ್ರಿಕದಲ್ಲಿ ಸಮಸ್ಯೆ ತಿರುವುಮುರುವು: ಅಲ್ಲಿ ಚೀಲದ ಗೊಬ್ಬರವೇ ಅಪರೂಪ. ಕೀನ್ಯದ ಕಬೇಟೆಯಲ್ಲಿ 1976ರಿಂದ ಇಂಥದೇ ಮೆಕ್ಕೆಜೋಳ–ಬೀನ್ಸ್ ಪ್ರಯೋಗ ನಡೆದಿದೆ. 2006ರ ಅಬುಜಾ ಘೋಷಣೆಯಲ್ಲಿ ಆಫ್ರಿಕದ ದೇಶಗಳು ಹೆಕ್ಟೇರಿಗೆ 8 ಕಿಲೋ ಇದ್ದ ರಾಸಾಯನಿಕ ಗೊಬ್ಬರದ ಬಳಕೆಯನ್ನು 50ಕ್ಕೆ ಏರಿಸುವ ಗುರಿ ಇಟ್ಟುಕೊಂಡವು.

ಕರ್ನಾಟಕದಲ್ಲಿ ದಾವಣಗೆರೆ, ಹಾವೇರಿಯ ಮೆಕ್ಕೆಜೋಳ ಸೀಮೆಯ ತೊಡಕು ಎರಡನ್ನೂ ಕೊಡಬೇಕೆಂಬ ಶಿಫಾರಸಿನದಲ್ಲ, ಸಗಣಿಯದು. ಟ್ರ್ಯಾಕ್ಟರ್ ಬಂದಲ್ಲೆಲ್ಲ ಎತ್ತು ಹೋಗಿ ತಿಪ್ಪೆ ಕರಗಿದೆ. 2010ರ ಪೋಷಕಾಂಶ ಆಧಾರಿತ ಸಹಾಯಧನದಿಂದ ಯೂರಿಯಾವನ್ನು ಹೊರಗಿಟ್ಟು ಅದರ ಬೆಲೆ ತಡೆಹಿಡಿದದ್ದರಿಂದ ಡಿಎಪಿ, ಪೊಟ್ಯಾಶ್ ತುಟ್ಟಿಯಾದರೂ ಯೂರಿಯಾ ಅಗ್ಗವಾಗಿ ಉಳಿಯಿತು. ಪಾಲಂಪುರದ ಸೋತ ತಾಕಿನ ಕಡೆಗೇ ರೈತನನ್ನು ದೂಡುವ ಬೆಲೆಯಿದು. 2023ರಲ್ಲಿ ಕೇಂದ್ರ ಸರ್ಕಾರ ಗೋಬರ್ ಅನಿಲ ಸ್ಥಾವರಗಳ ಸಾವಯವ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ನೆರವು ಘೋಷಿಸಿತು.