ಶುಕ್ರಸಂಕ್ರಮಣವೂ ರಾಷ್ಟ್ರಸ್ಪರ್ಧೆಯೂ: 1761 ಮತ್ತು 1769ರ ಖಗೋಳಯಾತ್ರೆಗಳ ವಿಚಾರ

ಹದಿನೆಂಟನೆಯ ಶತಮಾನದ ಯೂರೋಪಿನ ಚರಿತ್ರೆಯನ್ನು ಬರೆಯುವವರು ಅಲ್ಲಿನ ಯುದ್ಧಗಳನ್ನೂ ಸಂಧಿಗಳನ್ನೂ ಒಂದು ಪ್ರಕರಣದಲ್ಲಿಯೂ, ಆ ಕಾಲದ ವಿಜ್ಞಾನದ ಅಭ್ಯುದಯವನ್ನು ಮತ್ತೊಂದು ಪ್ರಕರಣದಲ್ಲಿಯೂ ಹೇಳುವುದು ವಾಡಿಕೆ. ಅರಸರು ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗುತ್ತಿದ್ದಾಗ ಪಂಡಿತರು ತಮ್ಮ ತಮ್ಮ ವೇಧಶಾಲೆಗಳಲ್ಲಿ ನಿಶ್ಚಿಂತರಾಗಿ ಕುಳಿತು ಆಕಾಶವನ್ನು ನೋಡುತ್ತಿದ್ದರೆಂಬ ಭಾವನೆ ಇದರಿಂದ ಓದುಗನಲ್ಲಿ ಉಂಟಾದರೆ ಆಶ್ಚರ್ಯವಿಲ್ಲ. ಆದರೆ 1761ನೆಯ ಜೂನ್ 6ರಂದು ಒಮ್ಮೆ, 1769ನೆಯ ಜೂನ್ 3ರಂದು ಇನ್ನೊಮ್ಮೆ, ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಒಂದು ಸಣ್ಣ ಕಪ್ಪು ಚುಕ್ಕೆಯಾಗಿ ಹಾದುಹೋದ ಆ ಎರಡು ದಿನಗಳ ವೃತ್ತಾಂತವನ್ನು ಪರಿಶೀಲಿಸಿದರೆ ಈ ಎರಡು ಪ್ರಕರಣಗಳೂ ಒಂದೇ ಎಂಬುದು ಸ್ಪಷ್ಟವಾಗುತ್ತದೆ. ಅರಸರ ಬೊಕ್ಕಸ, ನೌಕಾಬಲ ಮತ್ತು ಪರಸ್ಪರ ಮತ್ಸರಗಳಿಲ್ಲದೆ ಆ ವೀಕ್ಷಣೆಗಳು ನಡೆಯುವಂತಿರಲಿಲ್ಲ. ಹಾಗೆಯೇ, ಶತ್ರುವಿನ ಅಂಕಿಗಳನ್ನು ತನ್ನ ಅಂಕಿಗಳ ಜೊತೆಗೆ ಸೇರಿಸದೆ ಯಾವ ರಾಷ್ಟ್ರಕ್ಕೂ ಫಲ ಸಿಗುವಂತಿರಲಿಲ್ಲ. ಈ ಎರಡು ನಿರ್ಬಂಧಗಳ ಪರಿಣಾಮವೇನೆಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪ್ರಶ್ನೆಯ ಸ್ವರೂಪ

ಗ್ರಹಗಳು ಸೂರ್ಯನಿಂದ ಎಷ್ಟೆಷ್ಟು ದೂರದಲ್ಲಿವೆಯೆಂಬುದರ ಪ್ರಮಾಣವನ್ನು ಕೆಪ್ಲರನು 1619ರಲ್ಲಿಯೇ ನಿರ್ಣಯಿಸಿದ್ದನು. ಭೂಮಿಯ ದೂರವನ್ನು ಒಂದೆಂದು ಹಿಡಿದರೆ ಉಳಿದ ಗ್ರಹಗಳ ದೂರಗಳನ್ನು ಲೆಕ್ಕಹಾಕಿ ಹೇಳಬಹುದಾಗಿದ್ದಿತು. ಆದರೆ ಆ ಒಂದು ಎಂಬುದು ಎಷ್ಟು ಮೈಲಿ ಎಂದು ಖಚಿತವಾಗಿ ಹೇಳಬಲ್ಲವರಿರಲಿಲ್ಲ. ಮುಂಚಾಚಿದ ಹೆಬ್ಬೆರಳನ್ನು ಒಮ್ಮೆ ಎಡಗಣ್ಣಿನಿಂದಲೂ ಒಮ್ಮೆ ಬಲಗಣ್ಣಿನಿಂದಲೂ ನೋಡಿದಾಗ ಅದು ಹಿಂದಿನ ಗೋಡೆಯ ಮೇಲೆ ಸ್ಥಾನ ಬದಲಿಸಿದಂತೆ ತೋರುವುದಷ್ಟೆ. ಹಾಗೆಯೇ ಭೂಮಿಯ ಮೇಲಿನ ಎರಡು ದೂರದ ಸ್ಥಳಗಳಿಂದ ನೋಡಿದಾಗ ಶುಕ್ರನು ಸೂರ್ಯಬಿಂಬವನ್ನು ತುಸು ಬೇರೆಯಾದ ಎರಡು ರೇಖೆಗಳಲ್ಲಿ ದಾಟುವನು. ಈ ಅಂತರದಿಂದ ಸೂರ್ಯನ ಲಂಬನವನ್ನೂ (ಎಂದರೆ ಸ್ಥಾನಭೇದದ ಕೋನವನ್ನೂ), ಲಂಬನದಿಂದ ಅವನ ದೂರವನ್ನೂ ಗಣಿಸಬಹುದು. ಆದರೆ ಈ ಸಂಕ್ರಮಣವು ಅಪರೂಪವಾದುದು. ಎಂಟು ವರ್ಷಗಳ ಅಂತರದಲ್ಲಿ ಎರಡು ಸಾರಿ ಸಂಭವಿಸಿದ ಮೇಲೆ ಮುಂದಿನದಕ್ಕಾಗಿ ನೂರು ವರ್ಷಗಳಿಗೂ ಮೀರಿ ಕಾಯಬೇಕು.

ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿದ್ದ ಜೆರಮೈಯ ಹಾರಕ್ಸ್ ಎಂಬ ತರುಣನೂ ಅವನ ಮಿತ್ರ ವಿಲಿಯಂ ಕ್ರಾಬ್‌ಟ್ರೀಯೂ 1639ರಲ್ಲಿ ಇದನ್ನು ಮೊಟ್ಟಮೊದಲು ಕಂಡರು. ಇದರಿಂದ ಸೂರ್ಯನ ದೂರವನ್ನು ಸಾಧಿಸುವ ಕ್ರಮವನ್ನು 1716ರಲ್ಲಿ ವಿಶದವಾಗಿ ಪ್ರತಿಪಾದಿಸಿದವನು ಎಡ್ಮಂಡ್ ಹ್ಯಾಲಿ. 1656ರಲ್ಲಿ ಹುಟ್ಟಿದ ಆತನು 1761ರವರೆಗೆ ಬದುಕಿರಲಾರೆನೆಂಬುದನ್ನು ಚೆನ್ನಾಗಿ ಬಲ್ಲವನಾಗಿ, ಮುಂದಿನ ತಲೆಮಾರಿನ ಜ್ಯೋತಿರ್ವಿದರಿಗೆ ಆ ಕಾರ್ಯವನ್ನು ಒಪ್ಪಿಸಿ ಹೋದನು. ಹ್ಯಾಲಿಯ ವಿಧಾನಕ್ಕೆ ಸಂಕ್ರಮಣದ ಆದಿ ಅಂತ್ಯಗಳೆರಡೂ ಒಂದೇ ಸ್ಥಳದಲ್ಲಿ ಕಾಣಬೇಕಾಗಿದ್ದಿತು. ಫ್ರೆಂಚ್ ಪಂಡಿತ ದೆಲೀಲನು ಇದನ್ನು ಸರಳಗೊಳಿಸಿ, ಸ್ಥಳದ ರೇಖಾಂಶವು ನಿಖರವಾಗಿ ತಿಳಿದಿದ್ದರೆ ಯಾವುದಾದರೂ ಒಂದು ಸ್ಪರ್ಶಕಾಲವೇ ಸಾಕೆಂದು ತೋರಿಸಿದನು. ಎಲ್ಲಿ ನಿಂತರೆ ಏನು ಕಾಣುವುದೆಂಬುದನ್ನು ಗುರುತಿಸಿದ ಭೂಪಟವೊಂದನ್ನು 1760ರಲ್ಲಿ ಸಿದ್ಧಪಡಿಸಿ ಯೂರೋಪಿನ ಹಲವು ದೇಶಗಳ ವಿದ್ವಾಂಸರಿಗೆ ಕಳುಹಿಸಿಕೊಟ್ಟನು.

1761: ಯುದ್ಧದ ನಡುವೆ

ಆ ಭೂಪಟವು ಕೈಸೇರಿದಾಗ ಯೂರೋಪು ಸಪ್ತವಾರ್ಷಿಕ ಯುದ್ಧದ ಮಧ್ಯದಲ್ಲಿದ್ದಿತು. ಬ್ರಿಟನ್ನಿಗೂ ಫ್ರಾನ್ಸಿಗೂ ಉತ್ತರ ಅಮೆರಿಕದಲ್ಲಿ, ಭಾರತದಲ್ಲಿ, ಸಮುದ್ರಗಳ ಮೇಲೆ ಏಕಕಾಲದಲ್ಲಿ ಹೋರಾಟ ನಡೆದಿದ್ದಿತು. ವೀಕ್ಷಕರು ಹೋಗಬೇಕಾಗಿದ್ದ ದಾರಿಗಳೂ ಯುದ್ಧನೌಕೆಗಳು ಸುಳಿದಾಡುತ್ತಿದ್ದ ದಾರಿಗಳೂ ಒಂದೇ ಆಗಿದ್ದವು.

ಲಂಡನ್ನಿನ ರಾಯಲ್ ಸೊಸೈಟಿಯು ಸುಮಾತ್ರದ ಬೆಂಕೂಲನ್ನಿಗೆಂದು ನಿಯಮಿಸಿದ್ದ ಚಾರ್ಲ್ಸ್ ಮೇಸನ್ ಮತ್ತು ಜೆರಮೈಯ ಡಿಕ್ಸನ್ ಇವರ ನೌಕೆಯು 1761ರ ಜನವರಿಯಲ್ಲಿ ಹೊರಟ ಕೆಲವೇ ದಿನಗಳಲ್ಲಿ ಫ್ರೆಂಚ್ ಯುದ್ಧನೌಕೆಯೊಂದರ ಕೈಗೆ ಸಿಕ್ಕಿ, 11 ಜನ ಸತ್ತು, 37 ಜನ ಗಾಯಗೊಂಡು, ಬಂದರಿಗೆ ಹಿಂದಿರುಗಿತು. ಈ ಯಾತ್ರೆಯನ್ನು ಕೈಬಿಡುವುದು ಲೇಸೆಂದು ಬರೆದ ಅವರಿಗೆ ಸೊಸೈಟಿಯು ನ್ಯಾಯಾಲಯದ ಬೆದರಿಕೆಯನ್ನೂ ಸೇರಿಸಿ ನಿಷ್ಠುರವಾದ ಉತ್ತರವನ್ನು ಕಳುಹಿಸಿತು. ಮತ್ತೆ ಹೊರಟ ಅವರು ಬೆಂಕೂಲನ್ ಫ್ರೆಂಚರ ವಶವಾದುದರಿಂದ ಡಚ್ಚರ ಅಧೀನದಲ್ಲಿದ್ದ ಗುಡ್‌ಹೋಪ್ ಭೂಶಿರದಲ್ಲಿ ಇಳಿದು, ಅಲ್ಲಿ ವೀಕ್ಷಣೆಯನ್ನು ಸಾಧಿಸಿದರು. ಸೇಂಟ್ ಹೆಲೆನಾಕ್ಕೆ ಹೋದ ನೆವಿಲ್ ಮ್ಯಾಸ್ಕೆಲೈನನಿಗೆ ಮೋಡ ಕವಿದು ನಿರಾಶೆಯಾದುದರಿಂದ, ಯುದ್ಧದ ದೆಸೆಯಿಂದ ಅನಿವಾರ್ಯವಾಗಿ ಒದಗಿದ ಈ ಸ್ಥಳವೇ ಆ ಭಾಗದ ಆಧಾರವಾಯಿತು.

ಫ್ರೆಂಚರ ಪಾಡು ಇದಕ್ಕಿಂತ ಮೇಲಾಗಿರಲಿಲ್ಲ. ಹಿಂದೂಮಹಾಸಾಗರದ ರೊಡ್ರಿಗೇಸ್ ದ್ವೀಪಕ್ಕೆ ಹೋದ ಪೆಂಗ್ರೆಯು ಬ್ರಿಟಿಷ್ ನೌಕಾಖಾತೆಯಿಂದ ಅಭಯಪತ್ರವನ್ನು ಪಡೆದಿದ್ದರೂ, ವೀಕ್ಷಣೆ ಮುಗಿದ ಕೆಲವು ವಾರಗಳಲ್ಲಿಯೇ ಬ್ರಿಟಿಷ್ ಹಡಗು ಆ ದ್ವೀಪದ ಮೇಲೆ ಬಿದ್ದಿತು. ಪುದುಚೇರಿಗೆಂದು 1760ರ ಮಾರ್ಚಿಯಲ್ಲಿ ಫ್ರಾನ್ಸನ್ನು ಬಿಟ್ಟ ಗೀಯೋಮ್ ಲೆ ಜೆಂಟಿಯು, ಈಗ ಮಾರಿಷಸ್ ಎನಿಸಿರುವ ದ್ವೀಪದಲ್ಲಿ ತಂಗಿ, ಮಲಬಾರಿನ ಮಾಹೆಯ ಸಮೀಪಕ್ಕೆ ಬಂದಾಗ ಮಾಹೆಯೂ ಪುದುಚೇರಿಯೂ ಇಂಗ್ಲಿಷರ ಕೈಸೇರಿದ ವಾರ್ತೆ ಕೇಳಿ, ಹಡಗಿನೊಡನೆ ಹಿಂದಿರುಗಬೇಕಾಯಿತು. ಜೂನ್ 6ರಂದು ಆಕಾಶವೇನೋ ನಿರ್ಮಲವಾಗಿದ್ದಿತು. ಆದರೆ ತೂಗಾಡುವ ಹಡಗಿನ ಮೇಲೆ ಲೋಲಕದ ಗಡಿಯಾರ ನಡೆಯದು, ನಡುಗಡಲಿನ ರೇಖಾಂಶ ತಿಳಿಯದು. ಕಣ್ಣಾರೆ ಕಂಡ ಸಂಕ್ರಮಣವು ಗಣಿತಕ್ಕೆ ಒದಗದೆ ಹೋಯಿತು. ಆತನು ಸ್ವದೇಶಕ್ಕೆ ಮರಳದೆ, ಮುಂದಿನ ಸಂಕ್ರಮಣದವರೆಗೆ ಪೂರ್ವಸಮುದ್ರಗಳಲ್ಲಿಯೇ ಇರಲು ನಿಶ್ಚಯಿಸಿದನು.

ಸೈಬೀರಿಯದ ತೊಬೊಲ್ಸ್ಕ್‌ನಲ್ಲಿ ನಿಂತ ಫ್ರೆಂಚ್ ಜ್ಯೋತಿರ್ವಿದ ಶಾಪ್ ದೊತರೋಶನು ಕಾರ್ಯದಲ್ಲಿ ಸಫಲನಾದನಾದರೂ, ಇರ್ತಿಶ್ ನದಿಗೆ ಬಂದ ಪ್ರವಾಹಕ್ಕೆ ಈ ಪರದೇಶಿಯ ಯಂತ್ರಗಳೇ ಕಾರಣವೆಂದು ಜನ ಶಂಕಿಸಿದುದರಿಂದ ಅವನಿಗೆ ಕಾವಲು ಬೇಕಾಯಿತು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಲೊಮೊನೊಸೊವನು ಶುಕ್ರಬಿಂಬದ ಅಂಚಿನಲ್ಲಿ ಕಂಡ ಬೆಳಕಿನಿಂದ ಆ ಗ್ರಹಕ್ಕೆ ವಾಯುಮಂಡಲವಿದೆಯೆಂದು ಊಹಿಸಿದನು. ಇಷ್ಟೆಲ್ಲ ಪ್ರಯಾಸದ ಫಲವು ಮಾತ್ರ ಅತೃಪ್ತಿಕರವಾಗಿದ್ದಿತು. ಶುಕ್ರನು ಸೂರ್ಯನ ಅಂಚನ್ನು ಬಿಡುವ ಕ್ಷಣದಲ್ಲಿ ಎರಡಕ್ಕೂ ನಡುವೆ ಕಪ್ಪು ಹನಿಯಂಥ ಬಂಧವೊಂದು ಕಾಣಿಸಿಕೊಂಡು, ಸ್ಪರ್ಶದ ನಿಜವಾದ ಕ್ಷಣವನ್ನು ಗುರುತಿಸುವುದೇ ಕಷ್ಟವಾಯಿತು. ಹಲವು ಸ್ಥಳಗಳ ರೇಖಾಂಶವೂ ಸಂದಿಗ್ಧವಾಗಿದ್ದಿತು. ಲಂಬನವು ವಿಕಲೆಗಳಲ್ಲಿ (ಕೋನದ ಸೆಕೆಂಡುಗಳಲ್ಲಿ) 8.28ರಿಂದ 10.6ರವರೆಗೆ ಬಂದಿತು, ಎಂದರೆ ಸೂರ್ಯನ ದೂರದಲ್ಲಿ ಎರಡು ಕೋಟಿ ಮೈಲಿಗಳಿಗೂ ಮೀರಿದ ಭೇದ.

1769: ರಾಜಾಶ್ರಯ

1763ರಲ್ಲಿ ಪ್ಯಾರಿಸಿನ ಸಂಧಿಯಾಯಿತು. ಯುದ್ಧ ನಿಂತರೂ ಸ್ಪರ್ಧೆ ನಿಲ್ಲಲಿಲ್ಲ. ಅದು ವೀಕ್ಷಣಾಯಾತ್ರೆಗಳಿಗೂ ಹರಡಿತು. ರಷ್ಯದ ಸಾಮ್ರಾಜ್ಞಿ ಎರಡನೆಯ ಕ್ಯಾಥರೀನಳು 1767ರಲ್ಲಿಯೇ ತನ್ನ ಅಕಾಡೆಮಿಗೆ ಸಿದ್ಧತೆ ನಡೆಸಲು ಆಜ್ಞಾಪಿಸಿ, ಮ್ಯಾನ್‌ಹೈಮಿನ ಜೆಸೂಯಿಟ್ ಕ್ರಿಶ್ಚಿಯನ್ ಮಾಯರನನ್ನು ರಾಜಧಾನಿಗೂ, ಜಿನೀವಾದ ಇಬ್ಬರು ವಿದ್ವಾಂಸರನ್ನು ಕೋಲಾ ಪ್ರಾಂತಕ್ಕೂ ಕರೆಸಿದಳು. ಆದರೆ ಶಾಪನು ತನ್ನ ಸೈಬೀರಿಯದ ಪ್ರವಾಸಗ್ರಂಥದಲ್ಲಿ ರಷ್ಯವನ್ನು ಹಳಿದು 1768ರಲ್ಲಿ ಪ್ರಕಟಿಸಿದಾಗ, ಅದರ ಖಂಡನೆಯಾಗಿ ಹೊರಟ ಗ್ರಂಥವು ಸಾಮ್ರಾಜ್ಞಿಯದೇ ಎಂದು ಪ್ರತೀತಿಯಾಯಿತು. ಆಕಾಶವನ್ನು ಅಳೆಯಲು ಬಂದವರು ತನ್ನ ನಾಡನ್ನೂ ಅಳೆದು ಬೆಲೆಕಟ್ಟುವುದು ಆಕೆಗೆ ಸಹನೀಯವಾಗಿರಲಿಲ್ಲವೆಂಬುದಕ್ಕೆ ಇದು ನಿದರ್ಶನ.

ಬ್ರಿಟನ್ನಿನ ಮೂರನೆಯ ಜಾರ್ಜ್ ದೊರೆಯು ಸಂಕ್ರಮಣವನ್ನು ತಾನೇ ನೋಡುವುದಕ್ಕಾಗಿ ರಿಚ್ಮಂಡಿನಲ್ಲಿ ವೇಧಶಾಲೆಯನ್ನು ಕಟ್ಟಿಸಿದುದಲ್ಲದೆ, ರಾಯಲ್ ಸೊಸೈಟಿಯ ವಿಜ್ಞಾಪನೆಯನ್ನು ಮನ್ನಿಸಿ 4,000 ಪೌಂಡುಗಳನ್ನು ದಯಪಾಲಿಸಿದನು. ಎಂಡೆವರ್ ನೌಕೆಯಲ್ಲಿ ಜೇಮ್ಸ್ ಕುಕ್ಕನು ಜ್ಯೋತಿರ್ವಿದ ಚಾರ್ಲ್ಸ್ ಗ್ರೀನನನ್ನೂ, ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸನನ್ನೂ ಕರೆದುಕೊಂಡು 1768ರ ಆಗಸ್ಟಿನಲ್ಲಿ ಹೊರಟು, ಮರುವರ್ಷ ಏಪ್ರಿಲ್ 13ರಂದು ತಾಹಿತಿಯನ್ನು ಸೇರಿದನು. ವೀಕ್ಷಣೆಗಾಗಿ ಕಟ್ಟಿದ ಪುಟ್ಟ ಕೋಟೆಗೆ ಶುಕ್ರನ ಹೆಸರನ್ನೇ ಇಡಲಾಯಿತು. ಜೂನ್ 3ರಂದು ಮೋಡದ ಸುಳಿವಿಲ್ಲದಿದ್ದರೂ, ಒಂದೇ ಜಾಗದಲ್ಲಿ ನಿಂತ ಕುಕ್ಕನ ಮತ್ತು ಗ್ರೀನನ ಕಾಲಮಾಪನೆಗಳು ಪರಸ್ಪರ ಹೊಂದಲಿಲ್ಲ. ಕಪ್ಪು ಹನಿಯ ಬಾಧೆ ಅಲ್ಲಿಯೂ ತಪ್ಪಲಿಲ್ಲ.

ಕುಕ್ಕನ ಬಳಿ ನೌಕಾಖಾತೆಯ ಗುಪ್ತವಾದ ಎರಡನೆಯ ಆಜ್ಞಾಪತ್ರವೂ ಇದ್ದಿತು: ವೀಕ್ಷಣೆಯಾದ ಮೇಲೆ ದಕ್ಷಿಣದಲ್ಲಿ ಇರಬಹುದೆಂದು ನಂಬಲಾಗಿದ್ದ ಮಹಾಖಂಡವನ್ನು ಅರಸಬೇಕೆಂಬುದು ಅದರ ಸಾರ. ಸೊಸೈಟಿಯ ಅಧ್ಯಕ್ಷನಾದ ಮಾರ್ಟನ್ ಪ್ರಭುವು ಆಯಾ ಭೂಮಿಗಳಿಗೆ ಅಲ್ಲಿನ ನಿವಾಸಿಗಳೇ ಸಹಜವಾದ ಮತ್ತು ನ್ಯಾಯವಾದ ಒಡೆಯರೆಂದು ಕುಕ್ಕನಿಗೆ ಬರೆದುಕೊಟ್ಟಿದ್ದನು. ಆದರೂ 1769ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡಿನ ತೀರದಲ್ಲಿ ಕುಕ್ಕನ ಜನರ ಗುಂಡಿಗೆ ಮಾವೋರಿಗಳು ಬಲಿಯಾದರು. 1770ರ ಆಗಸ್ಟ್ 22ರಂದು ಆಸ್ಟ್ರೇಲಿಯದ ಪೂರ್ವತೀರವೆಲ್ಲ ಬ್ರಿಟಿಷ್ ದೊರೆಯದೆಂದು ಘೋಷಿಸಲಾಯಿತು. ಈ ಯಾತ್ರೆಯನ್ನು ಪ್ರಶಂಸಿಸುವವರು ಅದರ ಎರಡು ಆಜ್ಞಾಪತ್ರಗಳನ್ನೂ ಒಟ್ಟಿಗೆ ಓದಬೇಕು.

ಸ್ಪೇನಿನ ಅಧೀನದಲ್ಲಿದ್ದ ಕ್ಯಾಲಿಫೋರ್ನಿಯದ ಪರ್ಯಾಯದ್ವೀಪಕ್ಕೆ ಹೋಗಲು ಶಾಪನಿಗೆ ಅನುಮತಿ ದೊರೆತುದು, ಸ್ಪ್ಯಾನಿಷ್ ನೌಕಾಪಡೆಯ ಇಬ್ಬರು ಅಧಿಕಾರಿಗಳು ಜೊತೆಯಲ್ಲಿರಬೇಕೆಂಬ ಷರತ್ತಿನ ಮೇಲೆ. ಸಾನ್ ಹೊಸೆಯನ್ನು ಸೇರಿದಾಗ ಅಲ್ಲಿ ಸಾಂಕ್ರಾಮಿಕ ಜ್ವರ ಹಬ್ಬಿದ್ದಿತು. ಊರು ಬಿಡೋಣವೆಂಬ ಸಂಗಡಿಗರ ಮಾತನ್ನು ಕೇಳದೆ ಆತನು ವೀಕ್ಷಣೆಯನ್ನು ಪೂರೈಸಿದನು. ಎರಡು ತಿಂಗಳು ತುಂಬುವುದರೊಳಗೆ ಅದೇ ಜ್ವರದಿಂದ ಮೃತನಾದನು. ಅವನ ಅಂಕಿಗಳು ಬದುಕುಳಿದವರ ಮೂಲಕ ಪ್ಯಾರಿಸನ್ನು ಮುಟ್ಟಿದವು.

ಪುದುಚೇರಿಯ ಬೆಳಗು

ಲೆ ಜೆಂಟಿಯು ಮೊದಲು ಮನಿಲಾದಲ್ಲಿ ನೆಲೆಯೂರಿದ್ದನಾದರೂ, ಅಲ್ಲಿನ ಸ್ಪ್ಯಾನಿಷ್ ಗವರ್ನರನ ಸಂಶಯದಿಂದಲೂ ಪ್ಯಾರಿಸ್ ಅಕಾಡೆಮಿಯ ಇಚ್ಛೆಯಿಂದಲೂ 1768ರ ಮಾರ್ಚಿಯಲ್ಲಿ ಪುದುಚೇರಿಗೆ ಬಂದನು. ಊರು ಫ್ರೆಂಚರಿಗೆ ಮರಳಿ ಬಂದಿದ್ದಿತು. ಹಾಳುಬಿದ್ದ ಕೋಟೆಯ ಅವಶೇಷದ ಮೇಲೆ ಅವನಿಗೆ ವೇಧಶಾಲೆ ಸಿದ್ಧವಾಯಿತು. ಎಂಟು ವರ್ಷಗಳ ಹಿಂದೆ ಅವನ ದಾರಿಗೆ ಅಡ್ಡಬಂದಿದ್ದ ಇಂಗ್ಲಿಷರೇ ಈಗ ಮದರಾಸಿನಿಂದ ಒಂದು ಒಳ್ಳೆಯ ದೂರದರ್ಶಕವನ್ನು ಕಳುಹಿಸಿಕೊಟ್ಟರು. ಬಿಡುವಿನ ಕಾಲದಲ್ಲಿ ಆತನು ತಮಿಳು ಜೋಯಿಸರ ಗಣಿತಕ್ರಮವನ್ನು ಅಭ್ಯಾಸಮಾಡಿ, 1765ರ ಆಗಸ್ಟ್ 30ರ ಚಂದ್ರಗ್ರಹಣದ ಅವಧಿಯನ್ನು ಆ ಕ್ರಮದಿಂದ ಲೆಕ್ಕಹಾಕಿಸಿ ನೋಡಿದಾಗ 41 ಸೆಕೆಂಡುಗಳ ವ್ಯತ್ಯಾಸ ಮಾತ್ರ ಕಂಡುಬಂದಿತು. ಯೂರೋಪಿನಲ್ಲಿ ಪ್ರಮಾಣವೆನಿಸಿದ್ದ, ಮಾಯರ್ ಎಂಬ ಮತ್ತೊಬ್ಬ ಪಂಡಿತನ ಕೋಷ್ಟಕಗಳಲ್ಲಿ ವ್ಯತ್ಯಾಸವು 68 ಸೆಕೆಂಡುಗಳಷ್ಟಿದ್ದಿತು.

ಮೇ ತಿಂಗಳೆಲ್ಲ ಬೆಳಗಿನ ಆಕಾಶ ತಿಳಿಯಾಗಿದ್ದಿತು. ಸ್ಥಳೀಯ ದಿನಾಂಕದಂತೆ ಜೂನ್ 4ರ ನಸುಕಿನಲ್ಲಿ ಎದ್ದು ನೋಡುವಷ್ಟರಲ್ಲಿ ಮೋಡ ಮುಸುಕಿ, ಗಾಳಿ ಎದ್ದು, ಸಂಕ್ರಮಣ ಮುಗಿಯುವವರೆಗೂ ಸೂರ್ಯನು ಕಾಣಲಿಲ್ಲ. ಮುಗಿದ ಸ್ವಲ್ಪ ಹೊತ್ತಿಗೆ ಬಿಸಿಲು ಬಂದಿತು. ಅವನು ಬಿಟ್ಟುಬಂದಿದ್ದ ಮನಿಲಾದಲ್ಲಿ ಆ ದಿನ ಆಕಾಶ ಶುಭ್ರವಾಗಿದ್ದಿತು. 1771ರಲ್ಲಿ ಆತನು ಫ್ರಾನ್ಸಿಗೆ ಮರಳಿದಾಗ, ಸತ್ತನೆಂದು ಭಾವಿಸಿ ದಾಯಾದಿಗಳು ಆಸ್ತಿಗೆ ಕೈಯಿಟ್ಟಿದ್ದರು. ಅಕಾಡೆಮಿಯಲ್ಲಿ ಅವನ ಸ್ಥಾನವು ಬೇರೊಬ್ಬರ ಪಾಲಾಗಿದ್ದಿತು.

ವಾರ್ಡೊ ದ್ವೀಪದ ಹಸ್ತಪ್ರತಿ

ಡೆನ್ಮಾರ್ಕಿನ ಏಳನೆಯ ಕ್ರಿಶ್ಚಿಯನ್ ದೊರೆಯು, ತನ್ನ ರಾಜ್ಯದಲ್ಲಿ ಜೆಸೂಯಿಟರಿಗೆ ಪ್ರವೇಶವಿಲ್ಲದಿದ್ದರೂ, ವಿಯೆನ್ನದ ಜೆಸೂಯಿಟ್ ಜ್ಯೋತಿರ್ವಿದ ಮ್ಯಾಕ್ಸಿಮಿಲಿಯನ್ ಹೆಲ್ಲನನ್ನು ನಾರ್ವೆಯ ಉತ್ತರದ ತುದಿಯಲ್ಲಿರುವ ವಾರ್ಡೊ ದ್ವೀಪಕ್ಕೆ ಆಹ್ವಾನಿಸಿದನು. ಸೂರ್ಯನು ಅಸ್ತಮಿಸದ ಆ ಸ್ಥಳದಲ್ಲಿ ಹೆಲ್ಲನು ಸಂಕ್ರಮಣದ ಆದಿ ಅಂತ್ಯಗಳೆರಡನ್ನೂ ಕಂಡನು. ಆದರೆ ಫಲಿತಾಂಶವನ್ನು 1770ರವರೆಗೂ ಪ್ರಕಟಿಸದೆ ಇದ್ದುದರಿಂದ, ಇತರರ ಅಂಕಿಗಳನ್ನು ನೋಡಿ ತನ್ನದನ್ನು ತಿದ್ದಿಕೊಂಡನೆಂಬ ಅಪವಾದಕ್ಕೆ ಗುರಿಯಾದನು. 1835ರಲ್ಲಿ ವಿಯೆನ್ನದ ಲಿಟ್ರೋ ಎಂಬ ವಿದ್ವಾಂಸನು ಹೆಲ್ಲನ ಮೂಲ ದಿನಚರಿಯಲ್ಲಿ ಬೇರೆ ಬಣ್ಣದ ಶಾಯಿಯಿಂದ ಮಾಡಿದ ತಿದ್ದುಪಡಿಗಳಿವೆಯೆಂದು ಸಾರಿದ ಮೇಲೆ ಅಪವಾದವು ಸಿದ್ಧಾಂತವೇ ಆಗಿಬಿಟ್ಟಿತು. ಅಮೆರಿಕದ ಸೈಮನ್ ನ್ಯೂಕೂಂಬನು 1883ರಲ್ಲಿ ವಿಯೆನ್ನಕ್ಕೆ ಹೋಗಿ ಅದೇ ಹಸ್ತಪ್ರತಿಯನ್ನು ಪುಟಪುಟವಾಗಿ ಪರೀಕ್ಷಿಸಿದಾಗ, ತಿದ್ದುಪಡಿಗಳು ವಾರ್ಡೊದಲ್ಲಿಯೇ ಆಗಿಂದಾಗ ಮಾಡಿದವೆಂದು ಕಂಡುಕೊಂಡನು. ಲಿಟ್ರೋವಿಗೆ ಕೆಂಪುಬಣ್ಣವನ್ನು ಗುರುತಿಸುವ ಶಕ್ತಿಯೇ ಇರಲಿಲ್ಲವೆಂಬುದೂ ಹೊರಬಿದ್ದಿತು. ಬಣ್ಣವನ್ನು ಕಾಣದವನು ಶಾಯಿಯ ಬಣ್ಣದ ಮೇಲೆ ಕೊಟ್ಟ ತೀರ್ಪನ್ನು ವಿದ್ವಲ್ಲೋಕವು ಸುಮಾರು ಐವತ್ತು ವರ್ಷ ನಂಬಿದ್ದಿತು. ಮೂಲಪತ್ರವನ್ನು ತಾನೇ ನೋಡದೆ ಇತರರ ಮಾತನ್ನು ಉದ್ಧರಿಸುವ ಸಂಶೋಧಕನಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಬೇಕಿಲ್ಲ.

ಫಲಮೀಮಾಂಸೆ

ಆಕ್ಸ್‌ಫರ್ಡಿನ ಥಾಮಸ್ ಹಾರ್ನ್ಸ್‌ಬಿಯು 1771ರಲ್ಲಿ ಐದು ಸ್ಥಳಗಳ ವೀಕ್ಷಣೆಗಳನ್ನು ಆಧರಿಸಿ ಲಂಬನವು 8.78 ವಿಕಲೆಯೆಂದೂ, ಸೂರ್ಯನ ದೂರವು 9,37,26,900 ಮೈಲಿಯೆಂದೂ ನಿರ್ಣಯಿಸಿದನು. ಇಂದಿನ ಮಾನದಂತೆ ಆ ದೂರವು ಸುಮಾರು 9,29,56,000 ಮೈಲಿ. ವ್ಯತ್ಯಾಸವು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆ ಐದು ಸ್ಥಳಗಳಾವುವು? ಡೆನ್ಮಾರ್ಕಿನ ದೊರೆಯ ವೆಚ್ಚದಲ್ಲಿ ಹೆಲ್ಲನು ನಿಂತ ವಾರ್ಡೊ, ರಷ್ಯದ ರುಮೋವ್‌ಸ್ಕಿಯು ನಿಂತ ಕೋಲಾ, ಇಂಗ್ಲಿಷರಾದ ವೇಲ್ಸ್ ಮತ್ತು ಡೈಮಂಡರು ಹಿಮದಲ್ಲಿ ಚಳಿಗಾಲವನ್ನು ಕಳೆದು ಕಾದಿದ್ದ ಹಡ್ಸನ್ ಕೊಲ್ಲಿ, ಶಾಪನು ಪ್ರಾಣವನ್ನೇ ತೆತ್ತ ಕ್ಯಾಲಿಫೋರ್ನಿಯ, ಕುಕ್ಕನ ತಾಹಿತಿ. ಉತ್ತರದ ಅಂಕಿಗಳು ಜೊತೆಗಿಲ್ಲದಿದ್ದರೆ ತಾಹಿತಿಯ ಅಂಕಿಗಳಿಗೆ ಅರ್ಥವಿರುತ್ತಿರಲಿಲ್ಲ; ಇಂಗ್ಲಿಷ್ ಗಣಿತಜ್ಞನ ಪತ್ರದಲ್ಲಿ ಫ್ರೆಂಚನ, ರಷ್ಯನ, ಜೆಸೂಯಿಟನ ಅಂಕಿಗಳು ಒಂದೇ ಸಾಲಿನಲ್ಲಿ ಕುಳಿತುದು ಯಾರ ಔದಾರ್ಯದಿಂದಲೂ ಅಲ್ಲ, ರೇಖಾಗಣಿತದ ನಿರ್ಬಂಧದಿಂದ.

ಈ ಅಭ್ಯಾಸವು ಕಾಲಕ್ರಮದಲ್ಲಿ ಒಂದು ಮರ್ಯಾದೆಯಾಗಿ ಬೇರೂರಿತು. ಅಮೆರಿಕದ ಸ್ವಾತಂತ್ರ್ಯಸಮರದ ಕಾಲದಲ್ಲಿ, 1779ರಲ್ಲಿ, ಬೆಂಜಮಿನ್ ಫ್ರಾಂಕ್ಲಿನನೂ ಫ್ರೆಂಚ್ ಸರ್ಕಾರವೂ ತಮ್ಮ ತಮ್ಮ ನೌಕೆಗಳಿಗೆ, ಶತ್ರುರಾಷ್ಟ್ರದವನಾದ ಕುಕ್ಕನು ಸಿಕ್ಕಿದರೆ ಅವನನ್ನು ತಡೆಯಬಾರದೆಂದು ತಿಳಿಸಿದರು. ಆ ವೇಳೆಗೆ ಕುಕ್ಕನು ಹವಾಯಿಯಲ್ಲಿ ಹತನಾಗಿದ್ದ ಸುದ್ದಿ ಅವರಿಗೆ ತಲುಪಿರಲಿಲ್ಲ. ಮೇಸನ್ ಮತ್ತು ಡಿಕ್ಸನರ ನೌಕೆಗೆ ಗುಂಡು ಹಾರಿಸಿದ ರಾಷ್ಟ್ರವು ಹದಿನೆಂಟು ವರ್ಷಗಳಲ್ಲಿ ಇಷ್ಟು ದೂರ ಬಂದಿದ್ದಿತು. ರಾಷ್ಟ್ರಗಳ ಸ್ಪರ್ಧೆಯು ವಿಜ್ಞಾನಕ್ಕೆ ಹಣವನ್ನೂ ಹಡಗನ್ನೂ ಒದಗಿಸಿತು, ಅದಕ್ಕೆ ಬೆಲೆಯಾಗಿ ದ್ವೀಪಗಳನ್ನೂ ತೀರಗಳನ್ನೂ ಕಬಳಿಸಿತು. ಉತ್ತರವನ್ನು ಕೊಟ್ಟದ್ದು ಮಾತ್ರ ಪರಸ್ಪರ ಅಂಕಿಗಳ ವಿನಿಮಯ. ಈ ಸಂಕ್ರಮಣಗಳ ಇತಿಹಾಸವನ್ನು ಬರೆಯುವವರು ಈ ಮೂರರಲ್ಲಿ ಯಾವುದನ್ನು ಬಿಟ್ಟು ಬರೆದರೂ ಅದು ಅಪೂರ್ಣವೇ ಸರಿ.