ಹಾಲಿನ ದಾಸ್ತಾನು, ವಿತರಣೆ ಹೊರಗುತ್ತಿಗೆ: ಮಾಲು ಕೆಟ್ಟರೆ ನಷ್ಟ ಯಾರಿಗೆ?

ಚಿತ್ರದುರ್ಗ: ಆಗಷ್ಟೇ ಕರೆದ ಹಾಲಿನ ಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್. ಬೇಗನೆ 4 ಡಿಗ್ರಿಗೆ ಇಳಿಸದಿದ್ದರೆ ಹುಳಿಯಾಗೋಕೆ ಶುರು. ಗೋದಾಮು, ಗಾಡಿಯ ಕೆಲಸವನ್ನು ಬೇರೆಯವರಿಗೆ ವಹಿಸುವ ಮುನ್ನ ಈ ಲೆಕ್ಕ ನೆನಪಿರಲಿ.

ಈಗಿನ ವ್ಯವಸ್ಥೆ

ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಸಹಕಾರ ಸಂಘಗಳ ಹಾಲು ಬಹುಕಾಲದಿಂದ ಶಿಮುಲ್ ಒಕ್ಕೂಟದ ಮೂಲಕ ನಂದಿನಿ ಹೆಸರಲ್ಲಿ ಮಾರಾಟವಾಗುತ್ತಾ ಬಂದಿದೆ. ಊರಿನ ಡೈರಿಗೆ ಹಾಕಿದ ಹಾಲು ಶೀತಲೀಕರಣ, ಟ್ಯಾಂಕರ್, ಪ್ಯಾಕಿಂಗ್, ರೂಟ್ ಗಾಡಿ ದಾಟಿ ಅಂಗಡಿ ಸೇರುತ್ತೆ. ಸಹಕಾರಿ ಡೈರಿಗಳೂ ಗಾಡಿಗಳನ್ನು ಟೆಂಡರ್ ಕರೆದು ಗುತ್ತಿಗೆಗೆ ಪಡೆಯುತ್ತವೆ. ಹಾಗಾಗಿ ಹೊರಗುತ್ತಿಗೆ ಹೊಸದೇನಲ್ಲ.

ಸ್ವಂತವಾಗಿ ಮೊಸರು, ಪನೀರ್ ಮಾಡುವ ಸಣ್ಣ ತಯಾರಕರಿಗೆ ತಾಲ್ಲೂಕಿಗೊಂದು ಕೋಲ್ಡ್ ರೂಂ ಇಡುವುದು ಭಾರ. ಹಿರಿಯೂರು, ಚಿತ್ರದುರ್ಗ ರಾಷ್ಟ್ರೀಯ ಹೆದ್ದಾರಿ 48ರ ಮೇಲಿವೆ. ಹೊಸದುರ್ಗ, ಹೊಳಲ್ಕೆರೆ ಕಡೆಗೆ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. ಹಳ್ಳಿ ಸುತ್ತುವ ಗಾಡಿಯ ಬಾಗಿಲು ತೆಗೆದಷ್ಟು ಸಲವೂ ತಂಪು ಹೋಗುತ್ತೆ.

ಯಾವುದಕ್ಕೆ ಎಷ್ಟು ತಂಪು?

ಪ್ಯಾಕೆಟ್ ಹಾಲು, ಮೊಸರು, ಪನೀರ್‌ಗೆ ಫ್ರಿಡ್ಜ್‌ನ ತಂಪು ಬೇಕೇ ಬೇಕು. ಐಸ್‌ಕ್ರೀಂಗೆ ಮೈನಸ್ 18 ಡಿಗ್ರಿ. ತುಪ್ಪ ಮತ್ತು ಒಡೆಯದ ಟೆಟ್ರಾಪ್ಯಾಕ್ ಹಾಲಿಗೆ ಫ್ರಿಡ್ಜ್ ಬೇಡ. ಅವಕ್ಕೂ ಕೋಲ್ಡ್ ಸ್ಟೋರೇಜ್ ಬಾಡಿಗೆ ಕಟ್ಟುವುದು ದುಂದು.

ಕರಾರಿನಲ್ಲಿ ಏನಿರಬೇಕು?

* ಮಾಲು ಕೈ ಬದಲಾದಾಗಲೆಲ್ಲ ಹೊತ್ತು, ಉಷ್ಣಾಂಶ ಬರೆದು ಇಬ್ಬರ ಸಹಿ.
* ಕರೆಂಟ್ ಹೋದರೆ ಜನರೇಟರ್, ಡೀಸೆಲ್ ಯಾರ ಖರ್ಚು?
* ಬಾಡಿಗೆ ಕ್ರೇಟ್ ಲೆಕ್ಕವೋ, ತಿಂಗಳ ಲೆಕ್ಕವೋ? ವ್ಯಾಪಾರ ಇಳಿದ ತಿಂಗಳಲ್ಲಿ ಇದೇ ಕೈ ಕಚ್ಚೋದು.
* ಸೋರಿದ, ದಿನಾಂಕ ಮೀರಿದ ಪ್ಯಾಕೆಟ್ ಯಾರ ತಲೆಗೆ? ಎಷ್ಟು ಗಂಟೆಯೊಳಗೆ ತಿಳಿಸಬೇಕು?
* ಗೋದಾಮು, ಸಾಗಣೆದಾರರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಬೇಕು. ಪ್ರತಿ ಪಡೆದಿಟ್ಟುಕೊಳ್ಳಿ.

ಅಂಗಡಿಯವರ ಗಮನಕ್ಕೆ

ಬೆಳಗಿನ ಜಾವ ಗಾಡಿಯವರು ಮುಚ್ಚಿದ ಶಟರ್ ಮುಂದೆ ಕ್ರೇಟ್ ಇಳಿಸಿ ಹೋದರೆ, ಅಂಗಡಿ ತೆಗೆಯುವವರೆಗಿನ ಹೊಣೆ ಯಾರದ್ದು ಅಂತ ಮೊದಲೇ ಮಾತಾಡಿ ಬರೆಸಿಕೊಳ್ಳಿ. ಕ್ರೇಟ್ ಎಣಿಸಿ, ಮುಟ್ಟಿ ನೋಡಿ, ತಂಪಿಲ್ಲದಿದ್ದರೆ ಸಹಿ ಹಾಕುವ ಮುನ್ನವೇ ಚೀಟಿಯಲ್ಲಿ ನಮೂದಿಸಿ.

ಹಾಲು ಒಡೆದರೆ ಗಿರಾಕಿ ಗೋದಾಮಿನವರನ್ನು ಹುಡುಕಿಕೊಂಡು ಹೋಗೋದಿಲ್ಲ. ಪ್ಯಾಕೆಟ್ ಮೇಲೆ ಹೆಸರಿರುವ ತಯಾರಕರನ್ನು, ಅದನ್ನು ಕೊಟ್ಟ ಅಂಗಡಿಯವರನ್ನು ಕೇಳುತ್ತಾನೆ. ಸಹಿ ಇರುವ ಚೀಟಿ ಇಲ್ಲದಿದ್ದರೆ ನಷ್ಟ ಇವರಿಬ್ಬರಲ್ಲೇ ಒಬ್ಬರ ಪಾಲಿಗೆ.